ಹುಲ್ಲು ಕತ್ತರಿಸುವ ಯಂತ್ರ ಚಾಲನೆಯಾಗದಿದ್ದಲ್ಲಿ: ದೋಷ ಪತ್ತೆ ಹಾಗೂ ದುರಸ್ತಿ ಕುರಿತು ಮಾಹಿತಿ

ಕಾರ್ಕಳ ತಾಲ್ಲೂಕಿನ ಬೆಳ್ಮಣ್ ಹಾಗೂ ಸುತ್ತಲಿನ ನಂದಳಿಕೆ, ಬೋಳ, ಮುಂಡ್ಕೂರು ಗ್ರಾಮಗಳಲ್ಲಿ, ಅಂತೆಯೇ ಕಾಪು ಮತ್ತು ಉಡುಪಿ ತಾಲ್ಲೂಕುಗಳಲ್ಲಿ, ಪೆಟ್ರೋಲ್ ಚಾಲಿತ ಹುಲ್ಲು ಕತ್ತರಿಸುವ ಯಂತ್ರವು ಅಡಿಕೆ, ತೆಂಗು ಮತ್ತು ಗೇರು ತೋಟಗಳ ನಿತ್ಯದ ಉಪಕರಣವಾಗಿದೆ. ಶಾಲಾ ಮೈದಾನ ಹಾಗೂ ಮನೆಯಂಗಳಗಳಲ್ಲಿಯೂ ಇದರ ಬಳಕೆ ಇದೆ. ಕತ್ತಿ ಹಿಡಿದು ಹುಲ್ಲು ಸವರುವ ಕೆಲಸಕ್ಕೆ ಆಳುಗಳು ದೊರೆಯುವುದು ಕಷ್ಟವಾಗಿರುವುದರಿಂದ, ಯಂತ್ರವು ಕೆಟ್ಟು ನಿಂತರೆ ತೋಟದ ಕೆಲಸವೇ ನಿಲ್ಲುತ್ತದೆ. ಅಡಿಕೆ ಕೊಯ್ಲಿಗೆ ಮೊದಲು ನೆಲ ಸ್ವಚ್ಛವಾಗದಿದ್ದರೆ ಉದುರಿದ ಹಣ್ಣಡಿಕೆ ಹುಲ್ಲಿನೊಳಗೆ ಸೇರಿ ಹಾಳಾಗುತ್ತದೆ. ಗೇರು ತೋಟದಲ್ಲಿ ಬೀಜ ಬೀಳತೊಡಗುವ ವೇಳೆಗೆ ಕಳೆ ಉಳಿದಿದ್ದರೆ ಹೆಕ್ಕಲು ಸಿಗುವುದಕ್ಕಿಂತ ಕಳೆದುಹೋಗುವುದೇ ಹೆಚ್ಚು.

ಕೆಟ್ಟಿತೆಂದು ದುರಸ್ತಿ ಅಂಗಡಿಗೆ ಒಯ್ಯಲಾಗುವ ಅನೇಕ ಯಂತ್ರಗಳಲ್ಲಿ ಎಂಜಿನ್‌ನ ಭಾಗ ಯಾವುದೂ ಮುರಿದಿರುವುದಿಲ್ಲ. ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲ್, ಕರಿ ಹಿಡಿದ ಪ್ಲಗ್ ಅಥವಾ ಕಟ್ಟಿಕೊಂಡ ಗಾಳಿ ಶೋಧಕವೇ ಕಾರಣವಾಗಿರುತ್ತದೆ. ಇವನ್ನು ನೋಡದೆ ಕಾರ್ಬುರೇಟರ್ ಅಥವಾ ಕಾಯಿಲ್ ಬದಲಾಯಿಸುವುದು ಅನಾವಶ್ಯಕ ಖರ್ಚು. ಆದುದರಿಂದ ಬಳಕೆದಾರರು ಮನೆಯಲ್ಲಿಯೇ ಯಾವ ಕ್ರಮದಲ್ಲಿ ಪರಿಶೀಲಿಸಬೇಕು, ಯಾವುದನ್ನು ತಾವೇ ಮಾಡಬಹುದು ಮತ್ತು ಯಾವುದನ್ನು ಮೆಕ್ಯಾನಿಕ್‌ಗೆ ಬಿಡಬೇಕು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ತಮ್ಮ ಯಂತ್ರ ಯಾವ ಬಗೆಯದು ಎಂದು ತಿಳಿಯುವುದು

ಬಳಕೆಯಲ್ಲಿರುವ ಯಂತ್ರಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು, ಗಾಲಿಗಳ ಮೇಲಿದ್ದು ಹಿಂದಿನಿಂದ ತಳ್ಳಿಕೊಂಡು ನಡೆಯುವ ಯಂತ್ರ. ಇದರ ಅಡಿಯಲ್ಲಿ ಅಡ್ಡಲಾಗಿ ತಿರುಗುವ ಒಂದು ಬ್ಲೇಡ್ ಇರುತ್ತದೆ. ಸಮತಟ್ಟಾದ ಮೈದಾನ, ಅಂಗಳ ಹಾಗೂ ಕಣಿ ಇಲ್ಲದ ತೆಂಗಿನ ತೋಟಗಳಿಗೆ ಇದು ಸೂಕ್ತ. ಎರಡನೆಯದು, ಹೆಗಲಿಗೆ ಅಥವಾ ಬೆನ್ನಿಗೆ ಹಾಕಿಕೊಳ್ಳುವ ಬ್ರಷ್ ಕಟರ್. ಅಡಿಕೆ ತೋಟದ ಕಣಿಗಳ ನಡುವೆ, ಗೇರು ಗುಡ್ಡೆಯ ಇಳಿಜಾರಿನಲ್ಲಿ ಗಾಲಿ ಓಡದ ಕಾರಣ ನಮ್ಮ ಜಿಲ್ಲೆಯ ತೋಟಗಳಲ್ಲಿ ಈ ಎರಡನೆಯ ಬಗೆಯೇ ಹೆಚ್ಚಾಗಿ ಕಂಡುಬರುತ್ತದೆ. ಎರಡರ ಎಂಜಿನ್‌ನ ತತ್ವ ಒಂದೇ ಆದುದರಿಂದ ದೋಷ ಪತ್ತೆಯ ಕ್ರಮವೂ ಒಂದೇ. ವ್ಯತ್ಯಾಸವಿರುವಲ್ಲಿ ಪ್ರತ್ಯೇಕವಾಗಿ ತಿಳಿಸಲಾಗಿದೆ.

ಇದಕ್ಕಿಂತ ಮುಖ್ಯವಾದ ಭೇದವೆಂದರೆ ಎಂಜಿನ್ ಟೂ ಸ್ಟ್ರೋಕ್ ಅಥವಾ ಫೋರ್ ಸ್ಟ್ರೋಕ್ ಎಂಬುದು. ಎಂಜಿನ್‌ನ ಮೈಮೇಲೆಯೇ ಎಂಜಿನ್ ಆಯಿಲ್ ಹಾಕಲು ಪ್ರತ್ಯೇಕ ಮುಚ್ಚಳವಿದ್ದರೆ ಅದು ಫೋರ್ ಸ್ಟ್ರೋಕ್. ಅದಕ್ಕೆ ಬರೀ ಪೆಟ್ರೋಲ್ ಹಾಕಬೇಕು. ಅಂತಹ ಮುಚ್ಚಳ ಇಲ್ಲದೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಒಂದೇ ಇದ್ದರೆ ಅದು ಟೂ ಸ್ಟ್ರೋಕ್. ಅದಕ್ಕೆ ಪೆಟ್ರೋಲ್‌ನೊಂದಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಿಯೇ ಹಾಕತಕ್ಕದ್ದು. ಮಿಶ್ರಣದ ಪ್ರಮಾಣ ಕೈಪಿಡಿಯಲ್ಲಿ 50:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಆಯಿಲ್ ಎಂದು ಅರ್ಥ. ಆಯಿಲ್ ಬೆರೆಸದ ಪೆಟ್ರೋಲ್ ಹಾಕಿ ಓಡಿಸಿದ ಟೂ ಸ್ಟ್ರೋಕ್ ಎಂಜಿನ್ ಸ್ವಲ್ಪ ಹೊತ್ತಿನಲ್ಲಿಯೇ ಬಿಸಿಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆ ನಂತರದ ದುರಸ್ತಿಯ ವೆಚ್ಚ ಹೊಸ ಯಂತ್ರದ ಬೆಲೆಯ ಸಮೀಪಕ್ಕೇ ಬರಬಹುದು. ಒಂದೇ ಮನೆಯಲ್ಲಿ ಎರಡೂ ಬಗೆಯ ಯಂತ್ರಗಳಿದ್ದಲ್ಲಿ ಪೆಟ್ರೋಲ್ ಕ್ಯಾನ್‌ಗಳ ಮೇಲೆ ಬಣ್ಣದಿಂದ ಗುರುತು ಹಾಕಿಡುವುದು ಉತ್ತಮ. ಬಾಡಿಗೆಗೆ ಬರುವ ಆಳುಗಳಿಗೆ ಯಾವ ಕ್ಯಾನ್ ಯಾವ ಯಂತ್ರಕ್ಕೆ ಎಂದು ಬಾಯಿಮಾತಿನಲ್ಲಿ ಹೇಳಿದರಷ್ಟೇ ಸಾಲದು.

ಪರಿಶೀಲನೆಗೆ ಮೊದಲು ವಹಿಸಬೇಕಾದ ಎಚ್ಚರಿಕೆ

ಯಂತ್ರದ ಬ್ಲೇಡ್ ಅಥವಾ ಅದರ ಸುತ್ತಲಿನ ಯಾವುದೇ ಭಾಗವನ್ನು ಮುಟ್ಟುವ ಮೊದಲು ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್‌ನ ಮೇಲಿರುವ ರಬ್ಬರ್ ಟೋಪಿಯನ್ನು ಕಳಚಿ ಬದಿಗೆ ಸರಿಸತಕ್ಕದ್ದು. ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಸಾಲದು. ಬ್ಲೇಡಿಗೆ ಸುತ್ತಿಕೊಂಡ ಹುಲ್ಲನ್ನು ಬಿಡಿಸಲು ಬ್ಲೇಡನ್ನು ಕೈಯಿಂದ ತಿರುಗಿಸಿದಾಗ, ತಳ್ಳುವ ಯಂತ್ರದಲ್ಲಿ ಬ್ಲೇಡ್ ನೇರವಾಗಿ ಎಂಜಿನ್ನಿನ ದಂಡಕ್ಕೇ ಜೋಡಿಸಿರುವುದರಿಂದ, ಎಂಜಿನ್ ಒಮ್ಮೆ ಹೊತ್ತಿಕೊಳ್ಳುವ ಸಂಭವವಿದೆ. ಬೆರಳು ಕಳೆದುಕೊಳ್ಳಲು ಅಷ್ಟೇ ಸಾಕು.

ಪೆಟ್ರೋಲ್ ಬಿಚ್ಚುವ ಕೆಲಸವನ್ನು ಹೊರಗಡೆ, ಎಂಜಿನ್ ತಣ್ಣಗಾದ ಬಳಿಕ ಮಾಡಬೇಕು. ಬಚ್ಚಲಿನ ಒಲೆ, ಅಡಿಗೆಮನೆ, ಧೂಪದ ಕೆಂಡ ಯಾವುದೂ ಹತ್ತಿರ ಇರಕೂಡದು. ಮಳೆ ಎಂಬ ಕಾರಣಕ್ಕೆ ಕೊಟ್ಟಿಗೆ ಅಥವಾ ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ನೋಡುವುದನ್ನು ಸಂಪೂರ್ಣವಾಗಿ ತ್ಯಜಿಸತಕ್ಕದ್ದು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಅದು ಪ್ರಾಣಾಪಾಯಕಾರಿ. ಕುಡಿಯುವ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಡುವ ರೂಢಿಯೂ ಅಪಾಯಕರ, ಮಕ್ಕಳಿರುವ ಮನೆಯಲ್ಲಿ ವಿಶೇಷವಾಗಿ.

ಪರಿಶೀಲನೆಯ ಕ್ರಮ

ಎಂಜಿನ್ ಹೊತ್ತಿಕೊಳ್ಳಲು ಶುದ್ಧ ಪೆಟ್ರೋಲ್, ಕಿಡಿ ಮತ್ತು ಗಾಳಿ ಈ ಮೂರೂ ಬೇಕು. ಮೊದಲು ಪೆಟ್ರೋಲ್, ನಂತರ ಕಿಡಿ, ನಂತರ ಗಾಳಿ ಎಂಬ ಕ್ರಮದಲ್ಲಿ ನೋಡಿದರೆ ಸುಲಭವಾದ ಮತ್ತು ಖರ್ಚಿಲ್ಲದ ಕೆಲಸಗಳು ಮೊದಲೇ ಮುಗಿಯುತ್ತವೆ.

ಪ್ರಾರಂಭದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಚೋಕ್ ಹಾಕಿ, ಸ್ವಿಚ್ ಆನ್ ಇರಿಸಿ, ಹಗ್ಗವನ್ನು ಎಂಟು ಹತ್ತು ಬಾರಿ ಎಳೆದ ನಂತರ ಪ್ಲಗ್ ಬಿಚ್ಚಿ ಅದರ ತುದಿಯನ್ನು ನೋಡಬೇಕು. ತುದಿ ಒಣಗಿದ್ದರೆ ಪೆಟ್ರೋಲ್ ಒಳಕ್ಕೆ ತಲುಪುತ್ತಿಲ್ಲ. ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಅತಿಯಾಗಿ ತುಂಬಿಕೊಂಡಿದೆ ಎಂದು ತಿಳಿಯಬೇಕು. ಈ ಒಂದು ಪರೀಕ್ಷೆಯಿಂದ ಮುಂದಿನ ಶ್ರಮ ಅರ್ಧದಷ್ಟು ಉಳಿಯುತ್ತದೆ.

ಪೆಟ್ರೋಲ್

ನಮ್ಮ ಕರಾವಳಿಯಲ್ಲಿ ಈ ಯಂತ್ರಗಳ ಮೊದಲ ಶತ್ರು ಹಳೆಯ ಪೆಟ್ರೋಲ್ ಎಂದರೆ ತಪ್ಪಾಗದು. ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ, ಮಳೆಗಾಲದ ತಿಂಗಳುಗಳಲ್ಲಿ ಗಾಳಿಯ ತೇವಾಂಶ ತೀರಾ ಹೆಚ್ಚು. ಯಂತ್ರವಾದರೋ ವರ್ಷದಲ್ಲಿ ಎರಡು ಮೂರು ಬಾರಿ ಕೆಲವು ದಿನ ಓಡಿ, ಉಳಿದ ಕಾಲ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇರಿಸಿಕೊಂಡೇ ಮೂಲೆಯಲ್ಲಿ ಕುಳಿತಿರುತ್ತದೆ.

ಇದರೊಂದಿಗೆ ಪೆಟ್ರೋಲ್‌ನ ಸ್ವರೂಪವೂ ಬದಲಾಗಿದೆ. ದೇಶದಲ್ಲಿ ಪೆಟ್ರೋಲ್‌ಗೆ ಎಥನಾಲ್ ಬೆರೆಸುವ ಪ್ರಮಾಣವು 2022ರಲ್ಲಿ ಸರಾಸರಿ ಶೇ. 10ಕ್ಕೆ, 2025ರಲ್ಲಿ ಶೇ. 20ಕ್ಕೆ ತಲುಪಿತು. ಎಥನಾಲ್ ಗಾಳಿಯಲ್ಲಿನ ನೀರಿನಂಶವನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿಯನ್ನು ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಪೆಟ್ರೋಲ್ ಎಳೆದುಕೊಳ್ಳುವ ಕೊಳವೆಯ ಬಾಯಿ ಇರುವುದೂ ತಳದಲ್ಲಿಯೇ. ಟೂ ಸ್ಟ್ರೋಕ್ ಯಂತ್ರದಲ್ಲಿ ಇದು ಇನ್ನೂ ಹಾನಿಕರ. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್‌ನೊಂದಿಗೆ ಉಳಿದು, ಎಂಜಿನ್ನಿಗೆ ಹೋಗುವ ತಳದ ದ್ರವದಲ್ಲಿ ಜಿಡ್ಡೇ ಇರುವುದಿಲ್ಲ. ಹೇಗೋ ಹೊತ್ತಿಕೊಂಡು ಓಡಿದರೂ ಪಿಸ್ಟನ್ ಸವೆಯುತ್ತದೆ. ಸಣ್ಣ ಎಂಜಿನ್‌ಗಳ ಅನೇಕ ತಯಾರಕರು ತಮ್ಮ ಕೈಪಿಡಿಯಲ್ಲಿ ಶೇ. 10ರವರೆಗಿನ ಎಥನಾಲ್ ಅನ್ನು ಮಾತ್ರ ಒಪ್ಪಿರುತ್ತಾರೆ ಎಂಬುದನ್ನೂ ಗಮನಿಸಬೇಕು. ಹೊಸದಾಗಿ ಖರೀದಿಸುವವರು ಶೇ. 20ರ ಮಿಶ್ರಣಕ್ಕೆ ಯಂತ್ರ ಹೊಂದುತ್ತದೆಯೇ ಎಂದು ಮಾರಾಟಗಾರರಿಂದ ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು.

ಪರೀಕ್ಷೆ ಸುಲಭ. ಟ್ಯಾಂಕಿನ ಪೆಟ್ರೋಲ್ ಸ್ವಲ್ಪವನ್ನು ತಳದಿಂದ ಬರುವಂತೆ ಪಾರದರ್ಶಕ ಗಾಜಿನ ಸೀಸೆಗೆ ಬಸಿದು ಹದಿನೈದು ನಿಮಿಷ ಅಲುಗಿಸದೆ ಇಡಬೇಕು. ಎರಡು ಪದರಗಳಾಗಿ ಬೇರ್ಪಟ್ಟರೆ, ತಳದಲ್ಲಿ ನೀರಿನ ಹನಿ ಕಂಡರೆ ಅಥವಾ ವಾರ್ನಿಷ್‌ನಂತಹ ಹುಳಿ ವಾಸನೆ ಬಂದರೆ ಅದನ್ನು ಬಳಸಕೂಡದು. ಹೊಸ ಪೆಟ್ರೋಲ್ ಬೆರೆಸಿ ಸರಿಮಾಡಲು ಪ್ರಯತ್ನಿಸುವುದು ವ್ಯರ್ಥ. ಪೂರ್ತಿ ಬಸಿದು ತೆಗೆದು, ಸ್ವಲ್ಪ ಹೊಸ ಪೆಟ್ರೋಲ್‌ನಿಂದ ಟ್ಯಾಂಕ್ ಕುಲುಕಿ ತೊಳೆದು, ನಂತರ ಹೊಸದನ್ನು ತುಂಬಬೇಕು. ತೆಗೆದ ಪೆಟ್ರೋಲನ್ನು ಕಣಿಗೆ ಅಥವಾ ಬಾವಿಯ ಬದಿಗೆ ಚೆಲ್ಲಬಾರದು. ಮುರಕಲ್ಲಿನ ನೆಲದಲ್ಲಿ ಅದು ಇಂಗಿ ಬಾವಿ ನೀರಿಗೆ ಸೇರಲು ಹೆಚ್ಚು ಸಮಯ ಬೇಕಿಲ್ಲ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ವಾಹನ ಗ್ಯಾರೇಜಿಗೆ ಒಪ್ಪಿಸಬಹುದು.

ಟ್ಯಾಂಕಿನೊಳಗೆ ಕೊಳವೆಯ ತುದಿಯಲ್ಲಿ ಬೆರಳ ತುದಿಯಷ್ಟು ಗಾತ್ರದ ಶೋಧಕವೊಂದು ಇರುತ್ತದೆ. ಬಗ್ಗಿಸಿದ ತಂತಿಯ ಕೊಕ್ಕೆಯಿಂದ ಇದನ್ನು ಹೊರಗೆ ಎಳೆಯಬಹುದು. ಕಪ್ಪಾಗಿ ಗಟ್ಟಿಯಾಗಿದ್ದರೆ ಬದಲಾಯಿಸಬೇಕು. ಇದೇ ವೇಳೆ ಕೊಳವೆಯನ್ನೂ ಬೆರಳಿನಿಂದ ಬಗ್ಗಿಸಿ ನೋಡಬೇಕು. ಬಿರುಕು ಬಿಟ್ಟಿದ್ದರೆ ಪೆಟ್ರೋಲ್ ಬದಲು ಗಾಳಿ ಎಳೆಯುತ್ತದೆ. ಕೊಟ್ಟಿಗೆಯ ಅಟ್ಟದಲ್ಲಿ ಇರಿಸಿದ ಯಂತ್ರಗಳಲ್ಲಿ ಇಲಿ ಕಡಿದ ಕೊಳವೆ, ಇಲಿ ಕಡಿದ ಸ್ವಿಚ್ ತಂತಿ ಅಪರೂಪವಲ್ಲ. ಬ್ರಷ್ ಕಟರ್‌ನ ಕಾರ್ಬುರೇಟರ್ ಕೆಳಗೆ ಒತ್ತುವ ಪಾರದರ್ಶಕ ರಬ್ಬರ್ ಗುಳ್ಳೆಯಿದ್ದು, ಒತ್ತಿದಾಗ ಅದು ಪೆಟ್ರೋಲ್‌ನಿಂದ ತುಂಬಬೇಕು. ಎಷ್ಟು ಒತ್ತಿದರೂ ಗಾಳಿಯೇ ಬರುತ್ತಿದ್ದರೆ ದೋಷ ಕೊಳವೆಯಲ್ಲಿ, ಶೋಧಕದಲ್ಲಿ ಅಥವಾ ಗುಳ್ಳೆಯಲ್ಲಿಯೇ ಇದೆ.

ಇಷ್ಟರ ನಂತರವೂ ಚೋಕ್ ಹಾಕಿದಾಗ ಮಾತ್ರ ಓಡಿ, ಚೋಕ್ ತೆಗೆದ ತಕ್ಷಣ ನಿಲ್ಲುವ ಎಂಜಿನ್‌ನಲ್ಲಿ ಕಾರ್ಬುರೇಟರ್‌ನ ಜೆಟ್ ಭಾಗಶಃ ಕಟ್ಟಿದೆ ಎಂದು ತಿಳಿಯಬಹುದು. ತಳ್ಳುವ ಯಂತ್ರದ ಕಾರ್ಬುರೇಟರ್ ಅಡಿಯಲ್ಲಿ ಬೋಲ್ಟ್ ಒಂದರಿಂದ ಬಿಗಿದ ಬಟ್ಟಲಿನಂತಹ ಭಾಗವಿರುತ್ತದೆ. ಪೆಟ್ರೋಲ್ ಕೀಲಿ ಮುಚ್ಚಿ ಅದನ್ನು ಬಿಚ್ಚಿ, ತಳದ ಕೊಳೆ ತೆಗೆದು, ಜೆಟ್‌ನ ರಂಧ್ರಕ್ಕೆ ಕಾರ್ಬುರೇಟರ್ ಸ್ವಚ್ಛಗೊಳಿಸುವ ಸ್ಪ್ರೇ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಂಧ್ರಕ್ಕೆ ಸೂಜಿ ಅಥವಾ ಪಿನ್ ತೂರಿಸಕೂಡದು. ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲ್‌ನ ಪ್ರಮಾಣ ತಪ್ಪುತ್ತದೆ. ಬ್ರಷ್ ಕಟರ್‌ನದು ತೆಳು ಪೊರೆಯಿಂದ ಕೆಲಸ ಮಾಡುವ ಬೇರೆ ಬಗೆಯ ಕಾರ್ಬುರೇಟರ್. ಪೊರೆ ಒಣಗಿ ಗಟ್ಟಿಯಾದರೆ ಬದಲಾಯಿಸಬೇಕಾಗುತ್ತದೆ, ಅದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ನಿಂತು, ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುವ ಯಂತ್ರಗಳ ವಿಷಯದಲ್ಲಿ ಒಂದು ಮಾತು. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಬೇಕು. ಸುಯ್ ಎಂದು ಗಾಳಿ ಒಳಹೋಗುವ ಸದ್ದು ಕೇಳಿ, ಆ ಬಳಿಕ ಯಂತ್ರ ಓಡಿದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ ಎಂದು ನಿಶ್ಚಯ. ರಂಧ್ರ ಸ್ವಚ್ಛಗೊಳಿಸಿದರೆ ಮುಗಿಯಿತು. ಇಷ್ಟಕ್ಕಾಗಿ ಕಾಯಿಲ್ ಬದಲಾಯಿಸಿ ಹಣ ಕಳೆದುಕೊಳ್ಳುವ ಅಗತ್ಯವಿಲ್ಲ.

ಕಿಡಿ

ಪ್ಲಗ್‌ನ ತುದಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಸರಿಯಾಗಿದೆ. ಒಣ ಮಸಿ ಹಿಡಿದಿದ್ದರೆ ಗಾಳಿ ಸಾಲದು ಅಥವಾ ಚೋಕ್ ಹಾಕಿಯೇ ಓಡಿಸಲಾಗಿದೆ. ಜಿಡ್ಡು ಜಿಡ್ಡಾಗಿ ಕಪ್ಪಾಗಿದ್ದರೆ ಆಯಿಲ್ ಹೆಚ್ಚಾಗಿದೆ. ತಂತಿ ಬ್ರಷ್‌ನಿಂದ ಉಜ್ಜಿ, ತುದಿಗಳ ಅಂತರವನ್ನು ಕೈಪಿಡಿಯಂತೆ ಹೊಂದಿಸಬೇಕು. ಬ್ರಷ್ ಕಟರ್‌ಗಳಲ್ಲಿ ಇದು ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ., ತಳ್ಳುವ ಫೋರ್ ಸ್ಟ್ರೋಕ್ ಯಂತ್ರಗಳಲ್ಲಿ 0.7ರಿಂದ 0.8 ಮಿ.ಮೀ. ಇರುತ್ತದೆ.

ಪ್ಲಗ್ಗನ್ನು ಎಂಜಿನ್ ಮೈಗೆ ತಾಗಿಸಿ ಹಗ್ಗ ಎಳೆದು ಕಿಡಿ ನೋಡುವ ಪದ್ಧತಿ ವ್ಯಾಪಕವಾಗಿದೆ. ಪೆಟ್ರೋಲ್ ಆವಿ ಹೊರಬರುತ್ತಿರುವ ರಂಧ್ರದ ಪಕ್ಕದಲ್ಲಿಯೇ ಕಿಡಿ ಹಾರಿಸುವ ಈ ಪದ್ಧತಿಯನ್ನು ಶಿಫಾರಸು ಮಾಡಲಾಗುವುದಿಲ್ಲ. ಅದರ ಬದಲು ಅದೇ ಸಂಖ್ಯೆಯ ಹೊಸ ಪ್ಲಗ್ ಹಾಕಿ ನೋಡುವುದು ಸುರಕ್ಷಿತ, ಬೆಲೆಯೂ ಅಲ್ಪ. ಹೊಸ ಪ್ಲಗ್ ಹಾಕಿದರೂ ಕಿಡಿ ಇಲ್ಲವೆಂದು ತೋರಿದರೆ ಸ್ವಿಚ್‌ನಿಂದ ಎಂಜಿನ್‌ಗೆ ಹೋಗುವ ತಂತಿಯನ್ನು ಆದ್ಯಂತ ಪರಿಶೀಲಿಸಬೇಕು. ಈ ತಂತಿಯ ಕೆಲಸವೇ ಎಂಜಿನ್ ಮೈಗೆ ತಾಗಿ ಕಿಡಿಯನ್ನು ನಿಲ್ಲಿಸುವುದಾದುದರಿಂದ, ಹೊದಿಕೆ ಹರಿದು ಎಲ್ಲಿಯಾದರೂ ಲೋಹಕ್ಕೆ ತಾಗಿದ್ದರೆ ಸ್ವಿಚ್ ಆನ್ ಇದ್ದರೂ ಆಫ್ ಇದ್ದಂತೆಯೇ. ತಳ್ಳುವ ಯಂತ್ರದಲ್ಲಿ ಹಿಡಿಕೆಯೊಂದಿಗೆ ಒತ್ತಿ ಹಿಡಿಯಬೇಕಾದ ಸುರಕ್ಷತಾ ಸಲಾಕೆಯ ಕೇಬಲ್ ತುಕ್ಕು ಹಿಡಿದು ಪೂರ್ತಿ ಎಳೆಯದಿದ್ದರೂ ಇದೇ ಪರಿಣಾಮ. ಆ ಸಲಾಕೆಯನ್ನು ಹಗ್ಗದಿಂದ ಕಟ್ಟಿ ಹಾಕಿ ಯಂತ್ರ ಓಡಿಸುವುದು ಕೆಲವೆಡೆ ಕಂಡುಬಂದಿದ್ದು, ಇದು ಕೈಬಿಟ್ಟರೆ ಯಂತ್ರ ನಿಲ್ಲಬೇಕೆಂಬ ಉದ್ದೇಶವನ್ನೇ ನಾಶಮಾಡುತ್ತದೆ.

ಪ್ಲಗ್ ಒದ್ದೆಯಾಗಿದ್ದು ಪೆಟ್ರೋಲ್ ತುಂಬಿಕೊಂಡಿದ್ದರೆ ಬಿಡಿಭಾಗ ಯಾವುದೂ ಬೇಡ. ಪ್ಲಗ್ ಒರೆಸಿ ಒಣಗಲು ಬಿಟ್ಟು, ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು, ಹಗ್ಗವನ್ನು ಐದಾರು ಬಾರಿ ಎಳೆದು ಒಳಗಿನ ಪೆಟ್ರೋಲ್ ಹೊರಹೋದ ಬಳಿಕ ಪ್ಲಗ್ ಹಾಕಿ, ಸ್ವಿಚ್ ಆನ್ ಮಾಡಿ, ಚೋಕ್ ಇಲ್ಲದೆ ಪ್ರಯತ್ನಿಸಬೇಕು.

ಗಾಳಿ ಮತ್ತು ಹೊಗೆಯ ದಾರಿ

ಗಾಳಿ ಶೋಧಕ ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು, ಹಿಂಡಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಕೈಪಿಡಿ ಹೇಳಿದ್ದಲ್ಲಿ ಒಂದೆರಡು ಹನಿ ಆಯಿಲ್ ಸವರಿ ಹಾಕಬೇಕು. ಕಾಗದದ್ದಾದರೆ ತೊಳೆಯುವಂತಿಲ್ಲ, ತಟ್ಟಿ ಧೂಳು ತೆಗೆಯಬೇಕು ಅಥವಾ ಬದಲಾಯಿಸಬೇಕು. ಶೋಧಕವಿಲ್ಲದೆ ಯಂತ್ರ ಚೆನ್ನಾಗಿ ಓಡುತ್ತದೆಂದು ಹಾಗೆಯೇ ಬಿಡುವುದು ಸಲ್ಲದು. ಬೇಸಿಗೆಯ ಕೆಂಪು ಧೂಳು ಒಂದೆರಡು ಹಂಗಾಮಿನಲ್ಲಿಯೇ ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ.

ಟೂ ಸ್ಟ್ರೋಕ್ ಯಂತ್ರವು ಸುಲಭವಾಗಿ ಹೊತ್ತಿಕೊಂಡು, ಹುಲ್ಲಿಗೆ ತಾಗಿಸಿದೊಡನೆ ಬಲ ಕಳೆದುಕೊಂಡರೆ ಸೈಲೆನ್ಸರ್‌ನ ಒಳಗಿನ ಜಾಲರಿಯಲ್ಲಿ ಮಸಿ ಕಟ್ಟಿದೆಯೇ ಎಂದು ನೋಡಬೇಕು. ಬಹುಕಾಲ ನಿಂತ ಯಂತ್ರಗಳ ಸೈಲೆನ್ಸರ್ ಬಾಯಿಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟುವುದೂ ಉಂಟು.

ಬ್ಲೇಡ್ ಕಲ್ಲಿಗೆ ಬಡಿದ ನಂತರ ಯಂತ್ರ ನಿಂತಿದ್ದರೆ

ಮೇಲಿನ ಕ್ರಮಕ್ಕೆ ಒಂದು ಅಪವಾದವಿದೆ. ಮುರಕಲ್ಲಿನ ಬಂಡೆ, ತೆಂಗಿನ ಬುಡ ಅಥವಾ ಹುಲ್ಲಿನಲ್ಲಿ ಅಡಗಿದ ಕಬ್ಬಿಣದ ತುಂಡಿಗೆ ಬ್ಲೇಡ್ ಬಲವಾಗಿ ಬಡಿದು ತಳ್ಳುವ ಯಂತ್ರ ತಟ್ಟನೆ ನಿಂತು, ಆ ಬಳಿಕ ಹೊತ್ತಿಕೊಳ್ಳದಿದ್ದರೆ ಪೆಟ್ರೋಲ್ ಬಸಿಯುತ್ತ ಕೂರಬೇಕಿಲ್ಲ. ಎಂಜಿನ್ ಮೇಲ್ಭಾಗದ ಭಾರದ ಚಕ್ರವನ್ನು ದಂಡದೊಂದಿಗೆ ಸರಿಯಾದ ಸ್ಥಾನದಲ್ಲಿ ಹಿಡಿದಿಡುವ ಒಂದು ಸಣ್ಣ ಮೆದು ಲೋಹದ ಕೀ ಇರುತ್ತದೆ. ಬಲವಾದ ಪೆಟ್ಟಿಗೆ ಅದು ಕತ್ತರಿಸಿ ಹೋಗುತ್ತದೆ. ಆಗ ಕಿಡಿ ಬಂದರೂ ತಪ್ಪು ಕ್ಷಣದಲ್ಲಿ ಬರುತ್ತದೆ: ಹಗ್ಗ ಎಳೆದಾಗ ಕೈಯನ್ನು ಹಿಂದಕ್ಕೆ ಜಗ್ಗುವುದು, ಸೈಲೆನ್ಸರ್‌ನಲ್ಲಿ ಟಪ್ಪೆಂದು ಸಿಡಿಯುವುದು ಇದರ ಲಕ್ಷಣ. ಕೀಯ ಬೆಲೆ ಅತ್ಯಲ್ಪ. ಆದರೆ ಚಕ್ರ ಬಿಚ್ಚಲು ತಕ್ಕ ಸಾಧನ ಬೇಕಾದುದರಿಂದ ಮೆಕ್ಯಾನಿಕ್‌ನಿಂದಲೇ ಮಾಡಿಸಬೇಕು. ಅಂಗಡಿಯಲ್ಲಿ ‘ಕಲ್ಲಿಗೆ ಬಡಿದ ಮೇಲೆ ನಿಂತಿತು’ ಎಂದು ಮೊದಲೇ ಹೇಳಿದರೆ ಅವರ ಸಮಯವೂ ತಮ್ಮ ಹಣವೂ ಉಳಿಯುತ್ತದೆ. ಪೆಟ್ಟಿಗೆ ಎಂಜಿನ್ನಿನ ದಂಡವೇ ಬಾಗಿದ್ದರೆ ವಿಪರೀತ ನಡುಕವಿರುತ್ತದೆ, ಅಂತಹ ಯಂತ್ರವನ್ನು ಓಡಿಸಬಾರದು.

ಬ್ಲೇಡ್ ಬಿಚ್ಚುವಾಗ ಬಳಕೆದಾರರು ಗೊಂದಲಕ್ಕೆ ಒಳಗಾಗುವುದುಂಟು. ಬ್ರಷ್ ಕಟರ್‌ನ ಬ್ಲೇಡ್ ನಟ್ಟು ಸಾಮಾನ್ಯವಾಗಿ ಎಡ ತಿರುಪಿನದು. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚುತ್ತದೆ, ಎದುರು ದಿಕ್ಕಿಗೆ ಬಿಗಿಯಾಗುತ್ತದೆ. ಇದನ್ನು ತಿಳಿಯದೆ ಪಾನಾಕ್ಕೆ ಕೊಳವೆ ಸಿಕ್ಕಿಸಿ ಒತ್ತಿ ತಿರುಪು ಹಾಳುಮಾಡಿಕೊಂಡವರು ಅನೇಕರಿದ್ದಾರೆ. ತಳ್ಳುವ ಯಂತ್ರದ ಬೋಲ್ಟ್ ಸಾಮಾನ್ಯವಾಗಿ ಮಾಮೂಲಿ ತಿರುಪಿನದೇ. ತಳ್ಳುವ ಯಂತ್ರವನ್ನು ವಾಲಿಸುವಾಗ ಗಾಳಿ ಶೋಧಕ ಮತ್ತು ಕಾರ್ಬುರೇಟರ್ ಮೇಲ್ಮುಖವಾಗಿರಬೇಕು. ಎದುರು ಬದಿಗೆ ವಾಲಿಸಿದರೆ ಎಂಜಿನ್ ಆಯಿಲ್ ಶೋಧಕಕ್ಕೆ ಇಳಿದು, ಆ ಬಳಿಕ ಯಂತ್ರ ಹೊತ್ತಿಕೊಳ್ಳದು ಅಥವಾ ದಟ್ಟ ಬಿಳಿ ಹೊಗೆ ಕಾರುತ್ತದೆ.

ಹರಿತಗೊಳಿಸಿದ ಬ್ಲೇಡನ್ನು ನಡುವಿನ ರಂಧ್ರದಿಂದ ಗೋಡೆಯ ಮೊಳೆಗೆ ತೂಗುಹಾಕಿ ನೋಡಬೇಕು. ಒಂದು ಬದಿ ಕೆಳಗೆ ಇಳಿದರೆ ಆ ಬದಿಯನ್ನು ಇನ್ನಷ್ಟು ಅರದಿಂದ ಉಜ್ಜಿ ಸಮತೂಕ ಮಾಡಬೇಕು. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಿ ಬಳಸುವುದನ್ನು ಯಾವ ಕಾರಣಕ್ಕೂ ಮಾಡಬಾರದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡಿನ ತುಂಡು ಹಾರಿದರೆ ತಡೆಯುವ ಬಟ್ಟೆಯಾಗಲಿ ಬೂಟಾಗಲಿ ಇಲ್ಲ.

ಆಯಿಲ್ ಮತ್ತು ಗ್ರೀಸ್

ಫೋರ್ ಸ್ಟ್ರೋಕ್ ಎಂಜಿನ್‌ನ ಆಯಿಲ್ ಮಟ್ಟವನ್ನು ಪ್ರತಿ ಬಾರಿ ಓಡಿಸುವ ಮೊದಲು, ಯಂತ್ರವನ್ನು ಸಮತಟ್ಟಾದ ನೆಲದಲ್ಲಿರಿಸಿ ನೋಡಬೇಕು. ಹೊಸ ಯಂತ್ರದಲ್ಲಿ ಮೊದಲ ಬದಲಾವಣೆ ಬೇಗನೆ, ನಂತರ ಸಾಮಾನ್ಯವಾಗಿ 50 ಗಂಟೆಗಳ ಓಟಕ್ಕೊಮ್ಮೆ ಆಯಿಲ್ ಬದಲಾಯಿಸಬೇಕು. ಬ್ರಷ್ ಕಟರ್ ಉಳ್ಳವರು ಉದ್ದ ಕೊಳವೆಯ ತುದಿಯ ಗೇರ್‌ಬಾಕ್ಸಿಗೆ ಗ್ರೀಸ್ ತುಂಬುವುದನ್ನು ಮರೆಯುವುದೇ ಹೆಚ್ಚು. ಅದರ ಬದಿಯ ಸಣ್ಣ ಸ್ಕ್ರೂ ತೆಗೆದು ಗ್ರೀಸ್ ತುಂಬಬಹುದು. ಕೆಲಸದ ನಡುವೆ ಆ ಭಾಗ ಕೈ ಇಡಲಾಗದಷ್ಟು ಬಿಸಿಯಾಗುತ್ತಿದ್ದರೆ ಗ್ರೀಸ್ ಮುಗಿದಿದೆ.

ಮೆಕ್ಯಾನಿಕ್‌ಗೆ ಬಿಡಬೇಕಾದ ದುರಸ್ತಿಗಳು

ಹಗ್ಗ ಎಳೆದಾಗ ಯಾವುದೇ ತಡೆಯಿಲ್ಲದೆ ಸಲೀಸಾಗಿ ಬಂದರೆ ಎಂಜಿನ್‌ನ ಒತ್ತಡ ಕುಸಿದಿದೆ. ಹಗ್ಗ ಅಲುಗದೆ ಕಚ್ಚಿಕೊಂಡಿದ್ದು, ಬ್ಲೇಡಿಗೆ ಏನೂ ಸಿಕ್ಕಿಕೊಂಡಿಲ್ಲದಿದ್ದರೆ ಪಿಸ್ಟನ್ ಜಾಮ್ ಆಗಿರಬಹುದು. ಆಕ್ಸಿಲರೇಟರ್ ಬಿಟ್ಟರೂ ಬ್ರಷ್ ಕಟರ್‌ನ ಬ್ಲೇಡ್ ತಿರುಗುತ್ತಲೇ ಇದ್ದರೆ ಕ್ಲಚ್ ಅಥವಾ ಐಡಲ್ ಹೊಂದಾಣಿಕೆಯ ದೋಷ. ಇದನ್ನು ಸರಿಪಡಿಸುವವರೆಗೆ ಯಂತ್ರ ಬಳಸಬಾರದು. ಹಗ್ಗ ಸುತ್ತುವ ಸ್ಪ್ರಿಂಗ್ ಬಿಚ್ಚುವುದೂ ಅನುಭವವಿಲ್ಲದವರ ಕೆಲಸವಲ್ಲ, ಅದು ಚಿಮ್ಮಿ ಮುಖಕ್ಕೆ ಬಡಿಯುತ್ತದೆ.

ಯಂತ್ರವನ್ನು ಎತ್ತಿಡುವ ಮೊದಲು

ಮೂವತ್ತು ದಿನಗಳಿಗಿಂತ ಹೆಚ್ಚು ಕಾಲ ಬಳಕೆ ಇಲ್ಲವೆಂದಾದರೆ ಟ್ಯಾಂಕ್ ಪೂರ್ತಿ ಬಸಿದು, ಕಾರ್ಬುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಬಯಲಿನಲ್ಲಿ ಓಡಿಸಬೇಕು. ಪ್ಲಗ್ ರಂಧ್ರದಲ್ಲಿ ಕೆಲವು ಹನಿ ಆಯಿಲ್ ಬಿಟ್ಟು ಹಗ್ಗವನ್ನು ನಿಧಾನವಾಗಿ ಎರಡು ಬಾರಿ ಎಳೆದು ಪ್ಲಗ್ ಹಾಕಿಡಬೇಕು. ಬ್ಲೇಡಿನ ಸುತ್ತ ಅಂಟಿದ ಹಸಿ ಹುಲ್ಲನ್ನು ಕೆರೆದು ತೆಗೆಯದಿದ್ದರೆ ತಳ್ಳುವ ಯಂತ್ರದ ಕಬ್ಬಿಣದ ತಳ ಒಂದೆರಡು ಮಳೆಗಾಲದಲ್ಲಿಯೇ ತುಕ್ಕಿನಿಂದ ತೂತಾಗುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿಡುವುದು ತೇವವನ್ನು ಒಳಗೇ ಹಿಡಿದಿಡುತ್ತದೆ. ಗೋಣಿಚೀಲ ಹೊದಿಸಿ, ನೆಲದಿಂದ ಎತ್ತರದಲ್ಲಿ ಹಲಗೆಯ ಮೇಲೆ ಇಡುವುದು ಮೇಲು.

ದುರಸ್ತಿಯ ಬಳಿಕ ಕೆಲಸಕ್ಕೆ ಇಳಿಯುವಾಗ

ಕಣ್ಣಿಗೆ ಕನ್ನಡಕ, ಮೊಣಕಾಲಿನವರೆಗೆ ಬೂಟು ಕಡ್ಡಾಯವೆಂದು ಭಾವಿಸತಕ್ಕದ್ದು. ಬ್ರಷ್ ಕಟರ್ ಓಡುವಾಗ 15 ಮೀಟರ್ ಒಳಗೆ ಬೇರೆ ಯಾರೂ ಇರಬಾರದು, ಜಾನುವಾರುಗಳೂ ಇರಬಾರದು. ಬೆಳ್ಮಣ್ ಮೂಲಕ ಹಾದುಹೋಗುವ ಪಡುಬಿದ್ರಿ-ಕಾರ್ಕಳ ರಸ್ತೆಯಂತಹ ವಾಹನ ಸಂಚಾರದ ಬದಿಗಳಲ್ಲಿ ಕಲ್ಲು ಹಾರಿ ದ್ವಿಚಕ್ರ ಸವಾರರಿಗೆ ಬಡಿಯುವ ಅಪಾಯವಿರುವುದರಿಂದ ಅಲ್ಲಿ ಲೋಹದ ಬ್ಲೇಡಿಗಿಂತ ನೈಲಾನ್ ದಾರ ಸೂಕ್ತ; ಆಗಲೂ ವಾಹನ ಸಮೀಪಿಸಿದಾಗ ಯಂತ್ರವನ್ನು ನಿಧಾನಿಸಬೇಕು. ಮಲ್ಲಿಗೆ ಗಿಡದ ಬುಡದಲ್ಲಾದರೆ ನೈಲಾನ್ ದಾರವೂ ತೊಗಟೆ ಸುಲಿಯುತ್ತದೆ, ಕೈಯಿಂದಲೇ ಕೀಳಬೇಕು. ನೀರು ನಿಂತ ಕಣಿಗಳಲ್ಲಿ ಕೆಲಸ ಮಾಡುವವರ ಕಾಲಿನಲ್ಲಿ ಗಾಯಗಳಿದ್ದರೆ ಇಲಿಜ್ವರದ ಭಯವಿದೆ. ಕೆಲಸದ ನಂತರದ ದಿನಗಳಲ್ಲಿ ಜ್ವರ, ಸ್ನಾಯು ನೋವು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹುಲ್ಲು ಕತ್ತರಿಸಿದ ವಿಷಯವನ್ನೂ ತಿಳಿಸಬೇಕು.

ಸಹಾಯಧನ ಹಾಗೂ ದೂರು ಸಲ್ಲಿಕೆ

ಯಂತ್ರ ದುರಸ್ತಿಗೆ ಮೀರಿದ್ದು ಹೊಸದನ್ನು ಕೊಳ್ಳಬಯಸುವ ರೈತರು ಕೃಷಿ ಯಾಂತ್ರೀಕರಣ ಕಾರ್ಯಕ್ರಮದಡಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ರಾಜ್ಯದಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರಿಗೆ ಶೇ. 90ರವರೆಗೆ ಸಹಾಯಧನ ನೀಡುವ ಪದ್ಧತಿಯಿದ್ದು, ಯಾವ ಯಂತ್ರಕ್ಕೆ ಎಷ್ಟು ಎಂಬುದು ಆಯಾ ವರ್ಷದ ಮಾರ್ಗಸೂಚಿ ಹಾಗೂ ಅನುದಾನದ ಲಭ್ಯತೆಗೆ ಒಳಪಟ್ಟಿರುತ್ತದೆ. ಫ್ರೂಟ್ಸ್ ಗುರುತಿನ ಸಂಖ್ಯೆ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ, ಅನ್ವಯಿಸಿದಲ್ಲಿ ಜಾತಿ ಪ್ರಮಾಣಪತ್ರ ಸಿದ್ಧವಿರಿಸಿಕೊಳ್ಳಬೇಕು. ಮಂಜೂರಾತಿಗೆ ಮೊದಲೇ ಅಂಗಡಿಯಲ್ಲಿ ಖರೀದಿಸಿ ಬಂದು ಅರ್ಜಿ ಸಲ್ಲಿಸುವವರು ನಿರಾಶರಾಗಬೇಕಾದೀತು. ವರ್ಷದಲ್ಲಿ ಕೆಲವೇ ದಿನಗಳ ಕೆಲಸವಿರುವ ಸಣ್ಣ ಹಿಡುವಳಿದಾರರು, 2014-15ರಲ್ಲಿ ಪ್ರಾರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ಯಂತ್ರ ಲಭ್ಯವಿದೆಯೇ ಎಂದು ನೋಡಿ, ಆ ನಂತರ ಖರೀದಿಯ ವಿಚಾರ ಮಾಡುವುದು ಲಾಭಕರ. ಕೃಷಿ ಸಂಬಂಧಿತ ಸಂದೇಹಗಳಿಗೆ ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದು.

ಖಾತರಿ ಅವಧಿಯಲ್ಲಿರುವ ಯಂತ್ರವನ್ನು ಮನೆಯಲ್ಲಿ ಬಿಚ್ಚುವ ಮೊದಲು ಖಾತರಿ ಪತ್ರದ ಷರತ್ತುಗಳನ್ನು ಓದಬೇಕು. ಪೆಟ್ರೋಲ್ ಬಸಿಯುವುದು, ಪ್ಲಗ್ ಮತ್ತು ಗಾಳಿ ಶೋಧಕ ಸ್ವಚ್ಛಗೊಳಿಸುವುದು ಬಳಕೆದಾರರ ನಿತ್ಯ ನಿರ್ವಹಣೆಯೇ ಆಗಿದ್ದು, ಕಾರ್ಬುರೇಟರ್ ಅಥವಾ ಎಂಜಿನ್ ಬಿಚ್ಚಿದರೆ ಖಾತರಿ ರದ್ದಾಗುವ ಸಂಭವವಿದೆ. ಖಾತರಿಯಿದ್ದೂ ಮಾರಾಟಗಾರರು ದುರಸ್ತಿಗೆ ನಿರಾಕರಿಸಿದಲ್ಲಿ, ಬಿಲ್ಲು, ಖಾತರಿ ಪತ್ರ, ಎಂಜಿನ್ ಸಂಖ್ಯೆ ಹಾಗೂ ನಿರಾಕರಣೆಯ ದಿನಾಂಕದೊಂದಿಗೆ ಮೊದಲು ಲಿಖಿತ ಮನವಿ ನೀಡಿ ಅದರ ಪ್ರತಿ ಇಟ್ಟುಕೊಳ್ಳತಕ್ಕದ್ದು. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ಉಡುಪಿಯ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿ ದೂರು ದಾಖಲಿಸಲು ಅವಕಾಶವಿದೆ. ವಸ್ತುವಿಗೆ ನೀಡಿದ ಬೆಲೆ 5 ಲಕ್ಷ ರೂ. ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ದೂರಿನ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ದುರಸ್ತಿ ಅಂಗಡಿಯಲ್ಲಿ ಬದಲಾಯಿಸಿದ ಹಳೆಯ ಬಿಡಿಭಾಗಗಳನ್ನು ಬಿಲ್ಲಿನೊಂದಿಗೆ ಕೇಳಿ ಪಡೆದಿಟ್ಟುಕೊಂಡಿದ್ದರೆ ದೂರಿನ ವಿಚಾರಣೆಯಲ್ಲಿ ಅವೂ ಉಪಯೋಗಕ್ಕೆ ಬರುತ್ತವೆ.